ಮದರಾಸಿನಿಂದ ಕಂಡ ಒಂದು ಕಿರುಗ್ರಹ, ಒಂದು ಧೂಮಕೇತು



ಚೆನ್ನೈಯ ನುಂಗಂಬಾಕ್ಕಂನಲ್ಲಿರುವ ಹವಾಮಾನ ಕೇಂದ್ರದ ಆವರಣದಲ್ಲಿ ಕಗ್ಗಲ್ಲಿನ ಕಂಬವೊಂದು ಇಂದಿಗೂ ನಿಂತಿದೆ. 1792ರಲ್ಲಿ ಸ್ಥಾಪಿತವಾದ ಮದರಾಸು ವೀಕ್ಷಣಾಲಯದ ದೂರದರ್ಶಕಕ್ಕೆ ಆಧಾರವಾಗಿದ್ದ ಕಂಬವದು. ಆ ಮಾರ್ಗವಾಗಿ ನಿತ್ಯ ಓಡಾಡುವವರಲ್ಲಿಯೂ ಅದರ ಪೂರ್ವೋತ್ತರವನ್ನು ಬಲ್ಲವರು ವಿರಳ. ಆ ವೀಕ್ಷಣಾಲಯದಲ್ಲಿ ಒಬ್ಬರೇ ವಿದ್ವಾಂಸರು ಕಂಡ ಎರಡು ಆಕಾಶಕಾಯಗಳೇ ಈ ಉಪನ್ಯಾಸದ ವಿಷಯ.

ನಾರ್ಮನ್ ಪಾಗ್ಸನ್ ಅವರು 1861ರಲ್ಲಿ ಸರ್ಕಾರಿ ಖಗೋಳಜ್ಞರಾಗಿ ಇಂಗ್ಲೆಂಡಿನಿಂದ ಮದರಾಸಿಗೆ ಬಂದರು. ನಕ್ಷತ್ರಗಳ ಕಾಂತಿಯನ್ನು ಅಳೆಯಲು ಇಂದಿಗೂ ಬಳಸುವ ಮಾನವನ್ನು 1856ರಲ್ಲಿ ಸೂಚಿಸಿದವರು ಅವರೇ. ಬಂದ ಕೆಲವೇ ವಾರಗಳಲ್ಲಿ, ಏಪ್ರಿಲ್ 17ರಂದು, ಅವರಿಗೊಂದು ಕಿರುಗ್ರಹ ಗೋಚರಿಸಿತು. ಕ್ರಮದಲ್ಲಿ 67ನೆಯದು, ಏಷ್ಯಾ ಖಂಡದಿಂದ ಪತ್ತೆಯಾದ ಮೊದಲನೆಯದು. ಆದಕಾರಣ ಅದಕ್ಕೆ 'ಏಷಿಯಾ' ಎಂದೇ ನಾಮಕರಣವಾಯಿತು. ಛಾಯಾಚಿತ್ರದ ನೆರವಿಲ್ಲದ ಆ ಕಾಲದಲ್ಲಿ ಮಂದಕಾಂತಿಯ ತಾರೆಗಳ ನಕ್ಷೆಯನ್ನು ಕೈಯಿಂದಲೇ ರಚಿಸಿ, ಮರುರಾತ್ರಿ ಅದೇ ಭಾಗವನ್ನು ಮತ್ತೆ ನೋಡಿ, ಸ್ಥಾನ ಬದಲಿಸಿದ ಚುಕ್ಕೆಯನ್ನು ಹುಡುಕಬೇಕಾಗಿತ್ತು. ಕಣ್ಣಿಗಿಂತ ತಾಳ್ಮೆಗೇ ಹೆಚ್ಚು ಕೆಲಸ.

ಧೂಮಕೇತುವಿನ ಪ್ರಸಂಗ ಬೇರೆಯೇ ಬಗೆಯದು. ಬೀಲಾ ಎಂಬ ಧೂಮಕೇತು ಸುಮಾರು ಆರೂವರೆ ವರ್ಷಗಳಿಗೊಮ್ಮೆ ಸೂರ್ಯನ ಸಮೀಪಕ್ಕೆ ಬರುತ್ತಿತ್ತು. 1846ರಲ್ಲಿ ಅದು ಎರಡಾಗಿ ಒಡೆದದ್ದನ್ನು ಖಗೋಳಜ್ಞರು ಕಂಡರು. 1852ರಲ್ಲಿ ಎರಡೂ ತುಂಡುಗಳು ಮರಳಿದವು. ಬಳಿಕ ಅದು ಯಾರಿಗೂ ಕಾಣಲಿಲ್ಲ. 1872ರ ನವೆಂಬರ್ 27ರ ರಾತ್ರಿ ಅದರ ಪಥವನ್ನು ಭೂಮಿ ದಾಟುವಾಗ ಯೂರೋಪಿನಲ್ಲಿ ಉಲ್ಕೆಗಳ ಮಳೆಯೇ ಸುರಿಯಿತು. ಜರ್ಮನಿಯ ಗಟ್ಟಿಂಗೆನ್‌ನಲ್ಲಿದ್ದ ಕ್ಲಿಂಕರ್‌ಫ್ಯೂಸ್ ಒಡನೆಯೇ ಮದರಾಸಿಗೆ ತಂತಿ ಕಳುಹಿಸಿದರು: ಬೀಲಾ ಭೂಮಿಯನ್ನು ಸೋಂಕಿದೆ, ಥೀಟಾ ಸೆಂಟಾರಿ ನಕ್ಷತ್ರದ ಬಳಿ ಹುಡುಕಿರಿ ಎಂದು. ಮದರಾಸಿಗೇ ಏಕೆ? ದಕ್ಷಿಣಾಕಾಶದ ಆ ನಕ್ಷತ್ರ ಜರ್ಮನಿಯಲ್ಲಿ ದಿಗಂತಕ್ಕಿಂತ ಮೇಲೇರುವುದೇ ಅತ್ಯಲ್ಪ. 13 ಡಿಗ್ರಿ ಅಕ್ಷಾಂಶದ ಮದರಾಸಿನಲ್ಲಾದರೋ ಅರುಣೋದಯಕ್ಕೆ ಮುನ್ನ ಕಾಣುವಂಥದು.

ಆದರೆ ಅದು ಈಶಾನ್ಯ ಮಾರುತದ ಕಾಲ! ಮೊದಲ ಎರಡು ಬೆಳಗಿನ ಜಾವಗಳು ಮೋಡಮಳೆಗೆ ಆಹುತಿಯಾದವು. ಮೂರನೆಯ ಪ್ರಯತ್ನದಲ್ಲಿ ಮೋಡದ ಸಂದಿನಲ್ಲಿ ಕ್ಷಣಕಾಲ ನೀಲಾಕಾಶ ತೆರೆಯಿತು. ಅಲ್ಲಿ ದುಂಡಗಿನ, ಉಜ್ವಲವಾದ ಧೂಮಕೇತುವೊಂದಿತ್ತು! ನಾಲ್ಕು ಅಳತೆಗಳಷ್ಟೇ ಸಾಧ್ಯವಾದವು. ಮರುದಿನ ಇನ್ನೂ ಚೆನ್ನಾಗಿ ಕಂಡಿತು. ಸಣ್ಣ ಬಾಲವೂ ತೋರಿತು. ಅನಂತರ ಆಕಾಶ ಮತ್ತೆ ಮುಚ್ಚಿಕೊಂಡಿತು.

ಇಲ್ಲಿ ಒಂದು ಗಣಿತವನ್ನು ಗಮನಿಸಬೇಕು. ಸೂರ್ಯನ ಸುತ್ತಲಿನ ಕಕ್ಷೆಯನ್ನು ನಿರ್ಧರಿಸಲು ಆರು ಅಂಶಗಳು ತಿಳಿಯಬೇಕು. ಒಂದು ವೀಕ್ಷಣೆ ಎರಡು ಕೋನಗಳನ್ನು ಮಾತ್ರ ಕೊಡುತ್ತದೆ. ಹಾಗಾಗಿ ಕನಿಷ್ಠ ಮೂರು ವೀಕ್ಷಣೆಗಳು ಬೇಕು. ಪಾಗ್ಸನ್‌ರ ಕೈಯಲ್ಲಿದ್ದುದು ಎರಡು ದಿನಗಳ ವೀಕ್ಷಣೆ ಮಾತ್ರ. ಅವರು ತಾವು ಬೀಲಾವನ್ನೇ ಕಂಡೆವೆಂದು ತಿಳಿದಿದ್ದರು. ಆದರೆ ಬೀಲಾ ಹಲವು ವಾರಗಳ ಹಿಂದೆಯೇ ಆ ಸ್ಥಾನವನ್ನು ದಾಟಿಹೋಗಿರಬೇಕೆಂದು ಲೆಕ್ಕಾಚಾರ ಹೇಳಿತು. ತಂತಿಯ ಸೂಚನೆ ತಪ್ಪು. ಸೂಚಿಸಿದ ದಿಕ್ಕಿನಲ್ಲಿ ಧೂಮಕೇತುವಿದ್ದದ್ದು ನಿಜ! ಇಂತಹ ಕಾಕತಾಳೀಯ ವಿಜ್ಞಾನದ ಇತಿಹಾಸದಲ್ಲಿ ಅಪರೂಪ.

ಆ ದಿನಗಳಲ್ಲಿ ಪಾಗ್ಸನ್‌ರ ಸಹಾಯಕರಾಗಿದ್ದವರು ಚಿಂತಾಮಣಿ ರಘುನಾಥಾಚಾರ್ಯರು. 1874ರ ಶುಕ್ರಸಂಕ್ರಮಣದ ಬಗ್ಗೆ ಅವರು ಬರೆದ ಪುಸ್ತಿಕೆ ಕನ್ನಡದಲ್ಲಿಯೂ ಅಚ್ಚಾಯಿತೆಂಬುದನ್ನು ಕನ್ನಡಿಗರು ಮರೆಯಬಾರದು.

ಏಷಿಯಾ ಕಿರುಗ್ರಹ ಸುಮಾರು ಮೂರು ಮುಕ್ಕಾಲು ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತ, ಹೇಳಿದ ವೇಳೆಗೆ ಹೇಳಿದ ಸ್ಥಳದಲ್ಲಿ ಇಂದಿಗೂ ಕಾಣಿಸಿಕೊಳ್ಳುತ್ತದೆ. ಪಾಗ್ಸನ್‌ರ ಧೂಮಕೇತುವಾದರೋ ಖಗೋಳಜ್ಞರ ಪಟ್ಟಿಯಲ್ಲಿ 'ಎಕ್ಸ್/1872 ಎಕ್ಸ್1' ಎಂಬ ಹೆಸರಿನಿಂದ ಉಳಿದಿದೆ. ಮೊದಲಿನ ಆ 'ಎಕ್ಸ್' ಅಕ್ಷರಕ್ಕೆ, ಕಕ್ಷೆಯನ್ನು ಗಣಿಸಲಾಗಲಿಲ್ಲವೆಂದು ಅರ್ಥ.