‘ನೀನು ಯಾರ ಪೈಕಿ?’ ಅಂತ ಕೇಳದ ಮೊದಲ ದಿನ

(ಪಾಡ್‌ಕಾಸ್ಟ್ ಮಾತಿನ ಬರಹ ರೂಪ)



ಜೂನ್ ಬಂತು ಅಂದ್ರೆ ಸಿರಿಗೆರೆಯಲ್ಲಿ ಬಸ್ಸಿಂದ ಟ್ರಂಕು, ಹಾಸಿಗೆ ಸುರುಳಿ, ಬಕೆಟ್ಟು ಇಳಿಯೋಕೆ ಶುರು. ತರಳಬಾಳು ಮಠದ ಶಾಲೆ, ಕಾಲೇಜು, ಹಾಸ್ಟೆಲ್‌ಗಳಿಂದ ಹೆಸರಾದ ಊರು ಇದು. ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಹಳ್ಳಿಗಳಿಂದ, ಅದರಾಚೆಯಿಂದಲೂ ಮಕ್ಕಳು ಬರ್ತಾರೆ. ಅಪ್ಪ-ಅಮ್ಮ ಸಂಜೆ ಬಸ್ಸಿಗೆ ಹೊರಟುಬಿಡ್ತಾರೆ. ಆ ರಾತ್ರಿ ಮಗುವಿನ ಪಕ್ಕದಲ್ಲಿ ಮಲಗೋದು ಹೆಸರೂ ಗೊತ್ತಿಲ್ಲದ ಇನ್ನೊಂದು ಮಗು. ಈ ಇಬ್ಬರು ಬೇಗ ಗೆಳೆಯರಾದ್ರೆ ಮಗು ಹಾಸ್ಟೆಲಿನಲ್ಲಿ ನಿಲ್ಲುತ್ತೆ. ಆಗದಿದ್ರೆ ಮುಂದಿನ ವಾರ ‘ನನ್ನ ಕರ್ಕೊಂಡು ಹೋಗು’ ಅಂತ ಮನೆಗೆ ಫೋನು.

ಇದಕ್ಕೆ ಮಾಡಿಸೋ ಆಟಗಳಿಗೆ ‘ಐಸ್ ಬ್ರೇಕರ್’ ಅಂತಾರೆ. ಹೆಪ್ಪುಗಟ್ಟಿದ ಸಮುದ್ರದಲ್ಲಿ ದಾರಿ ಬಿಡಿಸೋ ಹಡಗಿನ ಹೆಸರು ಅದು. ನಮ್ಮ ಬಯಲುಸೀಮೆಗೆ ಹಿಮ ಎಲ್ಲಿಂದ ಬರಬೇಕು? ನಾನು ‘ಬಿಗುವು ಬಿಡಿಸೋ ಆಟ’ ಅಂತ ಕರೀತೀನಿ.

ಸಾಮಾನ್ಯವಾಗಿ ಮೊದಲ ದಿನ ಏನು ನಡೆಯುತ್ತೆ? ಒಬ್ಬೊಬ್ಬರೇ ಎದ್ದು ನಿಂತು ಹೆಸರು, ಊರು, ತಂದೆ ಹೆಸರು, ತಂದೆ ಕೆಲಸ, ಹೋದ ವರ್ಷದ ಪರ್ಸೆಂಟೇಜು ಹೇಳ್ಬೇಕು. ಈ ಐದರಲ್ಲಿ ಮಗು ತಾನಾಗಿ ಹೇಳಬೇಕು ಅಂದುಕೊಂಡಿದ್ದು ಎಷ್ಟಿದೆ? ಐದೂ ಮುಗಿಯೋ ಹೊತ್ತಿಗೆ ಕ್ಲಾಸು ಜಾತಿ ಊಹಿಸಿರುತ್ತೆ, ಮನೆ ಸ್ಥಿತಿ ಅಳೆದಿರುತ್ತೆ, ಜಾಣ-ದಡ್ಡ ಅಂತ ವಿಂಗಡಿಸಿರುತ್ತೆ. ತಂದೆ ಇಲ್ಲದ ಮಗು ಮೂರನೇ ಪ್ರಶ್ನೆಗೇ ತಲೆ ತಗ್ಗಿಸುತ್ತೆ. ಅದು ಪರಿಚಯ ಅಲ್ಲ, ‘ನೀನು ಯಾರ ಪೈಕಿ?’ ಅನ್ನೋ ಹಳೇ ಪ್ರಶ್ನೆಯನ್ನೇ ಸುತ್ತಿ ಬಳಸಿ ಕೇಳಿದ ಹಾಗೆ.

ಹಾಗಾದ್ರೆ ಏನು ಮಾಡ್ಬೇಕು? ಖರ್ಚಿಲ್ಲದ ನಾಲ್ಕು ಆಟ ಹೇಳ್ತೀನಿ.

ಮೊದಲನೇದು, ಅಂಗಳದ ನಕ್ಷೆ. ಅಂಗಳದ ಮಧ್ಯೆ ಒಂದು ಕಲ್ಲಿಡಿ, ಅದೇ ಸಿರಿಗೆರೆ. ಸೂರ್ಯ ಹುಟ್ಟೋ ಕಡೆ ಚಿತ್ರದುರ್ಗ. ದಕ್ಷಿಣಕ್ಕೆ ಹೊಳಲ್ಕೆರೆ, ಅದರಾಚೆ ಹೊಸದುರ್ಗ. ಆಗ್ನೇಯಕ್ಕೆ ಹಿರಿಯೂರು, ಉತ್ತರಕ್ಕೆ ಜಗಳೂರು, ವಾಯವ್ಯಕ್ಕೆ ದಾವಣಗೆರೆ. ‘ನೀನು ಬಂದ ದಿಕ್ಕಿಗೆ ಹೋಗಿ ನಿಲ್ಲು’ ಅಷ್ಟೇ. ಯಾರೂ ಬಾಯಿ ಬಿಡಬೇಕಿಲ್ಲ. ಆದ್ರೆ ಒಂದೇ ದಿಕ್ಕಿನಲ್ಲಿ ನಿಂತ ನಾಲ್ಕು ಮಕ್ಕಳು ಸುಮ್ಮನಿರ್ತಾರಾ? ‘ನೀನೂ ಆ ಬಸ್ಸಿಗೇ ಬಂದೆಯೇನೋ?’ ಅಂತ ಶುರುವಾಗುತ್ತೆ. ದಸರಾ ರಜೆಗೆ ಊರಿಗೆ ಹೋಗೋವಾಗ ಜೊತೆ ಯಾರು ಅನ್ನೋದೂ ಅವತ್ತೇ ತೀರ್ಮಾನ.

ಎರಡನೇದು, ಅಕ್ಷರದ ಸಾಲು. ಮಾತಾಡದೆ ಅಂಗೈ ಮೇಲೆ ಬೆರಳಲ್ಲಿ ಬರೆದು ತೋರಿಸ್ತಾ, ಹೆಸರಿನ ಮೊದಲ ಅಕ್ಷರದ ಪ್ರಕಾರ ವರ್ಣಮಾಲೆಯ ಕ್ರಮದಲ್ಲಿ ಸಾಲಾಗಿ ನಿಲ್ಲಬೇಕು. ಶ ಮುಂದೋ, ಸ ಮುಂದೋ ಅನ್ನೋ ಹತ್ತಿರ ನಗು ತಡೆಯೋಕಾಗಲ್ಲ. ಹುಟ್ಟಿದ ದಿನದ ಪ್ರಕಾರ ನಿಲ್ಲಿಸೋರೂ ಇದ್ದಾರೆ. ನಮ್ಮ ಕಾಲದಲ್ಲಿ ಅದು ನಡೀತಿರಲಿಲ್ಲ. ಶಾಲೆ ದಾಖಲೆ ಪ್ರಕಾರ ಅರ್ಧ ಕ್ಲಾಸು ಜೂನ್ 1ಕ್ಕೇ ಹುಟ್ಟಿತ್ತು!

ಮೂರನೇದು, ಹೆಸರಿನ ಚೆಂಡು. ವೃತ್ತದಲ್ಲಿ ನಿಂತು, ಎದುರಿನವರ ಹೆಸರು ಕೂಗಿ ಬಟ್ಟೆ ಚೆಂಡು ಎಸೆಯೋದು. ಇದು ನಾಟಕದವರ ಆಟ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಸಿರಿಗೆರೆ ಮಠದ ಶಾಖೆ ಇದೆ, ಅಲ್ಲಿಂದ ‘ಶಿವಸಂಚಾರ’ ತಂಡ 1997ರಿಂದ ಊರೂರಿಗೆ ನಾಟಕ ಒಯ್ಯುತ್ತಿದೆ. ಗುರುತಿಲ್ಲದವರು ತಿಂಗಳುಗಟ್ಟಲೆ ಒಟ್ಟಿಗೆ ಬಾಳಬೇಕಾದ ಕಡೆ ಈ ಆಟದ ಬೆಲೆ ಗೊತ್ತಾಗುತ್ತೆ. ಒಂದೇ ನಿಯಮ: ಚೆಂಡು ಬಿದ್ರೂ ಯಾರೂ ಔಟ್ ಅಲ್ಲ. ಮೊದಲ ದಿನವೇ ಮಗುವನ್ನು ಆಟದಿಂದ ಹೊರಗೆ ಕೂರಿಸಿದ್ರೆ ಆಟದ ಉದ್ದೇಶವೇ ಕೆಟ್ಟಿತು.

ನಾಲ್ಕನೇದು ನನಗೆ ತುಂಬ ಇಷ್ಟ, ಜೋಡಿ ಪರಿಚಯ. ಗಾದೆಗಳನ್ನು ಚೀಟಿಯಲ್ಲಿ ಬರೆದು ಎರಡು ತುಂಡು ಮಾಡಿ ಹಂಚಿ. ‘ಕೈ ಕೆಸರಾದರೆ’ ಸಿಕ್ಕವರು ‘ಬಾಯಿ ಮೊಸರು’ ಹುಡುಕಿಕೊಂಡು ಹೋಗ್ತಾರೆ. ಜೋಡಿ ಸಿಕ್ಕ ಮೇಲೆ ಹತ್ತು ನಿಮಿಷ ಮಾತು. ಪ್ರಶ್ನೆ ಒಂದೇ: ‘ನಿನ್ನ ಕೈಗೆ ಯಾವ ಕೆಲಸ ಬರುತ್ತೆ?’ ಹಾಲು ಕರೆಯೋದು, ರೊಟ್ಟಿ ತಟ್ಟೋದು, ಹೂ ಕಟ್ಟೋದು, ಬಾವಿಯಲ್ಲಿ ಈಜೋದು, ಮೊಬೈಲ್ ರಿಪೇರಿ, ಏನಾದ್ರೂ ಆಗಬಹುದು. ಆಮೇಲೆ ಪ್ರತಿಯೊಬ್ಬರೂ ತಮ್ಮ ಬಗ್ಗೆ ಅಲ್ಲ, ಜೋಡಿಯ ಬಗ್ಗೆ ಹೇಳ್ಬೇಕು. ತನ್ನ ಬಗ್ಗೆ ಹೇಳೋಕೆ ನಾಲಿಗೆ ಒಣಗೋ ಮಗು, ಗೆಳೆಯನ ಬಗ್ಗೆ ಹೇಳೋವಾಗ ಜೋರಾಗೇ ಹೇಳುತ್ತೆ. ‘ನನ್ನ ಬಗ್ಗೆ ಒಬ್ಬರು ಒಳ್ಳೇದು ಹೇಳಿದ್ರು’ ಅನ್ನೋದನ್ನ ಕೇಳಿಸಿಕೊಂಡು ಮಲಗೋ ರಾತ್ರಿ ಬೇರೆಯೇ. ಜೋಡಿ ಇಬ್ಬರಿಗೂ ಊಟಕ್ಕೆ ಪಕ್ಕಪಕ್ಕ ಜಾಗ ಕೊಡಿ.

ಒಂದು ಎಚ್ಚರಿಕೆ. ನಾವು ಪರಿಚಯ ಮಾಡಿಸದಿದ್ರೆ ಸೀನಿಯರ್‌ಗಳು ಮಾಡಿಸ್ತಾರೆ. ಕಾಲೇಜು ಹಾಸ್ಟೆಲ್‌ಗಳಲ್ಲಿ ರ‍್ಯಾಗಿಂಗ್ ಶುರುವಾಗೋದೇ ‘ಇಂಟ್ರೊ ಕೊಡು’ ಅನ್ನೋ ಮಾತಿನಿಂದ. ಯುಜಿಸಿ 2009ರಲ್ಲೇ ರ‍್ಯಾಗಿಂಗ್ ತಡೆಗೆ ನಿಯಮ ತಂದಿದೆ. ನಿಯಮದ ಬೋರ್ಡು ಗೋಡೆಗೆ ಇರಲಿ. ಅದರ ಜೊತೆಗೆ ಸೀನಿಯರ್‌ಗಳನ್ನೂ ಇದೇ ಆಟಗಳಿಗೆ ಕರೀರಿ, ಮೇಷ್ಟ್ರ ಎದುರಿಗೇ. ಚೆಂಡು ಎಸೆದು ಹೆಸರು ಕೂಗಿದವನಿಗೆ ಆಮೇಲೆ ದರ್ಪ ತೋರಿಸೋದು ಅಷ್ಟು ಸುಲಭ ಅಲ್ಲ.

ಇನ್ನೊಂದು ಮಾತು. ಒಂದು ದಿನದ ಆಟದಿಂದ ಗೆಳೆತನ ಪೂರ್ತಿ ಬೆಳೆಯಲ್ಲ. ಅಮೆರಿಕದ ಟೆಕ್ಸಸ್‌ನ ಆಸ್ಟಿನ್‌ನಲ್ಲಿ 1971ರಲ್ಲಿ ಬಿಳಿಯ, ಕಪ್ಪು, ಲ್ಯಾಟಿನೊ ಮಕ್ಕಳು ಹೊಸದಾಗಿ ಒಂದೇ ತರಗತಿಗೆ ಬಂದಾಗ ಜಗಳ ಜೋರಾಗಿತ್ತು. ಎಲಿಯಟ್ ಆರನ್‌ಸನ್ ಅನ್ನೋ ಮನಶ್ಶಾಸ್ತ್ರಜ್ಞರು ಒಂದು ಪಾಠವನ್ನು ತುಂಡು ಮಾಡಿ, ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಡಿಸಿದರು. ಪಕ್ಕದವನ ಮಾತು ಕೇಳದೆ ಪಾಠ ಪೂರ್ತಿ ಆಗಲ್ಲ. ‘ಜಿಗ್‌ಸಾ’ ಪದ್ಧತಿ ಅಂತ ಅದಕ್ಕೆ ಹೆಸರು. ಮೊದಲ ತಿಂಗಳು ವಾರಕ್ಕೊಂದು ಪಾಠ ಹೀಗೆ ಮಾಡಿ ನೋಡಿ. ಗಾದೆಯ ಅರ್ಧ ಚೀಟಿ ಹುಡುಕಿದ ಮಕ್ಕಳಿಗೆ ಇದು ಹೊಸದೂ ಅನ್ಸಲ್ಲ.

ಮೇಷ್ಟ್ರೇ, ಮೇಡಂ, ವಾರ್ಡನ್ ಸರ್, ಹಾಜರಿ ಪುಸ್ತಕದಲ್ಲಿ ತಂದೆ ಹೆಸರು, ಅಂಕ ಎಲ್ಲ ಹೇಗೂ ಇರುತ್ತೆ. ಅದನ್ನ ಎಲ್ಲರೆದುರು ಕೇಳೋ ಅಗತ್ಯ ಇಲ್ಲ. ಪುಸ್ತಕದಲ್ಲಿ ಇಲ್ಲದ್ದನ್ನ ಮೊದಲ ದಿನ ಕೇಳಿ.

ನಿಮ್ಮ ಶಾಲೆಯಲ್ಲಿ ಆಡಿಸೋ ಇಂಥ ಆಟ ಇದ್ರೆ ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.