ಇಂಟರ್ನೆಟ್ಟಿನ ವಿಳಂಬವೂ ಮನೆಯ ರೌಟರೂ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಸಭೆಗಳಲ್ಲಿ ಸಾಹಿತ್ಯ, ಸಂಗೀತ, ಇತಿಹಾಸಗಳನ್ನು ಕುರಿತು ತಿಳಿದವರು ಮಾತನಾಡುವುದು ವಾಡಿಕೆ. ನಾನು ಬ್ಯಾಂಕಿನ ಗುಮಾಸ್ತ, ಓದಿದ್ದು ಬಿ.ಕಾಂ. ಆದುದರಿಂದ ಸಂಘದವರು ನನಗೆ ವಹಿಸಿದ ವಿಷಯವೂ ಮನೆವಾರ್ತೆಯದೇ: ಮನೆಯ ಇಂಟರ್ನೆಟ್ಟು ಎಳೆದಾಡುವುದೇಕೆ, ಅದರ ದೋಷವನ್ನು ಪತ್ತೆ ಮಾಡುವುದು ಹೇಗೆ ಎಂಬುದು.

ವಿಷಯ ಸಣ್ಣದೆಂದು ತಾವು ಭಾವಿಸಬಾರದಾಗಿ ಬೇಡುತ್ತೇನೆ. 1956ರ ನವೆಂಬರ್ 1ರಂದು ಹಿಂದಿನ ಹೈದರಾಬಾದು ರಾಜ್ಯದ ಕನ್ನಡ ಭಾಗಗಳು ಮೈಸೂರು ರಾಜ್ಯವನ್ನು ಸೇರಿದವು. ಕೆಲವು ಮನೆತನಗಳು ಇತ್ತಲೇ ಉಳಿದವು. ಕೆಲವು ಆಮೇಲೆ ಉದ್ಯೋಗಕ್ಕಾಗಿ ಬಂದವು. ಹಿರಿಯರು ಅಲ್ಲಿ, ಮಕ್ಕಳು ಇಲ್ಲಿ. ಹಿಂದೆ ಈ ಎರಡನ್ನೂ ಕಾಗದ ಕೂಡಿಸುತ್ತಿತ್ತು. ಇಂದು ವೀಡಿಯೊ ಕರೆ ಕೂಡಿಸುತ್ತದೆ.

ಕಾಚಿಗುಡಾದ ಒಂದು ಮನೆಯ ಸಂಗತಿ. ಮಗಳು ಇಲ್ಲಿ, ತಾಯಿ ಬೀದರದಲ್ಲಿ. "ಊಟ ಆತೇನವ್ವಾ?" ಎಂದು ಕೇಳಿದರೆ ಉತ್ತರ ಬರಲು ಎರಡು ಮೂರು ಎಣಿಸುವಷ್ಟು ಹೊತ್ತು. ಇಬ್ಬರೂ ಒಮ್ಮೆಗೇ ಮಾತನಾಡುವರು, ಇಬ್ಬರೂ ಒಮ್ಮೆಗೇ ನಿಲ್ಲುವರು. ಅವ್ವನಿಗೆ ಕಿವಿ ಮಂದವಾಯಿತೋ ಮರೆವು ಬಂತೋ ಎಂದು ಇಲ್ಲಿಯವರಿಗೆ ಚಿಂತೆ. ಮಗಳಿಗೆ ತನ್ನೊಡನೆ ಮಾತು ಬೇಸರವಾಯಿತೆಂದು ಅವ್ವನಿಗೆ ನೋವು. ಆಕೆ ಮಾತನ್ನೇ ಮೊಟಕು ಮಾಡಿದಳು. ದೋಷವಿದ್ದುದು ಟೀವಿಯ ಹಿಂದೆ ಧೂಳು ಹೊದ್ದು ಕಾಯುತ್ತಿದ್ದ ಹಳೆಯ ರೌಟರಿನಲ್ಲಿ! ಅದನ್ನು ಬದಲಿಸಿದ ಮೇಲೆ ಅವ್ವನ ಮಾತು ಎಂದಿನಂತೆ ಚುರುಕಾಗಿಯೇ ಇದ್ದುದು ಎಲ್ಲರಿಗೂ ತಿಳಿಯಿತು.

ಇದಕ್ಕೆ ದೂರ ಕಾರಣವೆಂದು ಹೇಳುವವರುಂಟು. ಲೆಕ್ಕ ಹಾಕೋಣ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುತ್ತದೆ. ಅಂದರೆ 200 ಕಿಲೋಮೀಟರಿಗೆ ಒಂದು ಮಿಲಿಸೆಕೆಂಡು, ಎಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗ, ಸಾಕು. ತಂತಿ ಎಷ್ಟು ಸುತ್ತಿ ಬಳಸಿದರೂ ಬೀದರ ಕೆಲವೇ ಮಿಲಿಸೆಕೆಂಡುಗಳ ದಾರಿ. ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ಮುಟ್ಟಿದರೆ ಸಂಭಾಷಣೆ ಸಹಜವಾಗಿರುವುದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಅಳತೆ.

ಇಲ್ಲಿ ವೇಗ ಬೇರೆ, ವಿಳಂಬ ಬೇರೆ. ಬ್ಯಾಂಕಿನಲ್ಲಿ ದಿನಕ್ಕೆ ಎಷ್ಟು ಚೆಕ್ಕು ಪಾಸಾಗುತ್ತವೆಂಬುದು ವೇಗ. ತಮ್ಮ ಒಂದು ಚೆಕ್ಕಿಗಾಗಿ ತಾವು ಟೋಕನ್ ಹಿಡಿದು ಕುಳಿತ ಹೊತ್ತು ವಿಳಂಬ. ಕಂಪನಿಗಳು ಮಾರುವುದು ವೇಗವನ್ನು. ರೌಟರು ಕೆಟ್ಟಿರುವಾಗ ದೊಡ್ಡ ಪ್ಲಾನು ಕೊಳ್ಳುವುದೆಂದರೆ, ಕೌಂಟರಿನಲ್ಲಿ ಗುಮಾಸ್ತನೇ ಇಲ್ಲದಾಗ ಬ್ಯಾಂಕಿನ ಬಾಗಿಲನ್ನು ಅಗಲ ಮಾಡಿಸಿದಂತೆ. ತಿಂಗಳು ತಿಂಗಳು ಹಣ ಹೋದೀತು, ಫಲ ಕಾಣದು.

ರೌಟರೂ ಒಂದು ಸಣ್ಣ ಕಂಪ್ಯೂಟರೇ. ಮನೆಯ ಫೋನು, ಟೀವಿ, ಲ್ಯಾಪ್‌ಟಾಪುಗಳ ಒಂದೊಂದು ಸಂಪರ್ಕವನ್ನೂ ಅದು ತನ್ನ ಲೆಡ್ಜರಿನಲ್ಲಿ ಬರೆದುಕೊಳ್ಳಬೇಕು. ಎರಡು ಫೋನಿದ್ದ ಕಾಲದಲ್ಲಿ ಕೊಂಡ ಪೆಟ್ಟಿಗೆಯ ಮೇಲೆ ಹನ್ನೆರಡು ಸಾಧನಗಳ ಭಾರ ಬಿದ್ದರೆ ಅದು ಏದುಸಿರು ಬಿಡುವುದು ಸಹಜ. 2016ರಲ್ಲಿ ಇಂಟೆಲ್ ಕಂಪನಿಯ ಪ್ಯೂಮಾ 6 ಎಂಬ ಚಿಪ್ಪುಳ್ಳ ಕೇಬಲ್ ಮೋಡೆಮ್ಮುಗಳಲ್ಲಿ ವಿಳಂಬ ಆಗಾಗ ಹಾರಿ ಏರುತ್ತಿದ್ದುದು ಬಯಲಿಗೆ ಬಂತು. ಹೊಸ ಸಾಮಾನಿನಲ್ಲಿಯೂ ದೋಷವಿರಬಹುದೆಂಬುದಕ್ಕೆ ಇದೇ ನಿದರ್ಶನ.

ಇನ್ನು ಪತ್ತೆಯ ಕ್ರಮ. ತಾಳೆಪಟ್ಟಿ ಕೂಡದಿದ್ದಾಗ ನಾವು ಒಂದೊಂದೇ ಪುಟಕ್ಕೆ ಟಿಕ್ ಹಾಕುತ್ತ ವ್ಯತ್ಯಾಸವಿರುವ ಪುಟವನ್ನು ಹಿಡಿಯುತ್ತೇವೆ. ಇಲ್ಲಿಯೂ ಹಾಗೆಯೇ. ಕಂಪ್ಯೂಟರಿನಲ್ಲಿ ಪಿಂಗ್ ಎಂಬ ಆಜ್ಞೆಯುಂಟು; 1983ರಲ್ಲಿ ಮೈಕ್ ಮ್ಯೂಸ್ ಎಂಬವರು ಬರೆದುದು. ಒಂದು ವಿಳಾಸಕ್ಕೆ ಕೂಗು ಹಾಕಿ, ಮಾರುತ್ತರ ಎಷ್ಟು ಮಿಲಿಸೆಕೆಂಡಿಗೆ ಬಂತೆಂದು ಅದು ತಿಳಿಸುತ್ತದೆ. ಮೊದಲು ಲ್ಯಾಪ್‌ಟಾಪನ್ನು ತಂತಿಯಿಂದಲೇ ರೌಟರಿಗೆ ಜೋಡಿಸಿ, ರೌಟರಿನ ವಿಳಾಸಕ್ಕೆ ಪಿಂಗ್ ಮಾಡಿ. ವಿಳಾಸ ಪೆಟ್ಟಿಗೆಯ ಅಡಿಯ ಚೀಟಿಯಲ್ಲಿರುತ್ತದೆ, ಅನೇಕವೇಳೆ 192.168.1.1 ಎಂದಿರುವುದು. ಬಳಿಕ ತಂತಿ ತೆಗೆದು ವೈಫೈಯಲ್ಲಿ ಅದನ್ನೇ ಮಾಡಿ. ಕೊನೆಗೆ ಮತ್ತೆ ತಂತಿ ಜೋಡಿಸಿ, ಹೊರಗಿನ 8.8.8.8 ಎಂಬ ವಿಳಾಸಕ್ಕೆ ಮಾಡಿ. ಮೂರನ್ನೂ ಕಾಗದದಲ್ಲಿ ಬರೆದಿಡಿ.

ತಂತಿಯಲ್ಲಿ ರೌಟರಿನ ಉತ್ತರ ಒಂದೆರಡು ಮಿಲಿಸೆಕೆಂಡಿನಲ್ಲಿ ಬರಬೇಕು. ಅಲ್ಲಿಯೇ ಅಂಕಿ ಮತ್ತೆ ಮತ್ತೆ ನೂರಕ್ಕೆ ಏರಿದರೆ, ಕೇಬಲ್ಲನ್ನೊಮ್ಮೆ ಬದಲಿಸಿ ನೋಡಿ. ಆಗಲೂ ಹಾಗೆಯೇ ಇದ್ದರೆ ಸಂಶಯ ಪೆಟ್ಟಿಗೆಯ ಮೇಲೆ. ಮುಟ್ಟಿ ನೋಡಿ. ನಮ್ಮ ಊರಿನ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಮುಚ್ಚಿದ ಕಪಾಟಿನಲ್ಲಿಟ್ಟ ಪೆಟ್ಟಿಗೆಯ ಪಾಡೇನು? ಗಾಳಿಯಾಡುವಲ್ಲಿ ಇಡಿ. ಅಡಾಪ್ಟರಿನ ವೋಲ್ಟು ಪೆಟ್ಟಿಗೆಯ ಮೇಲೆ ಬರೆದುದಕ್ಕೆ ಸರಿಹೊಂದುತ್ತದೆಯೆ, ಆಂಪಿಯರು ಅದಕ್ಕಿಂತ ಕಡಿಮೆಯಿಲ್ಲವೆ ನೋಡಿ. ಆರಿಸಿ ಹಚ್ಚಿದಾಗ ಸರಿಹೋಗಿ, ದಿನದೊಳಗೆ ಮತ್ತೆ ಎಳೆದಾಡಿದರೆ ಅದರ ನಿವೃತ್ತಿಯ ಕಾಲ ಬಂದಿರಬಹುದು.

ತಂತಿಯಲ್ಲಿ ಸರಿಯಿದ್ದು ವೈಫೈಯಲ್ಲಿ ಮಾತ್ರ ಕೆಟ್ಟರೆ ದೋಷ ಅಲೆಗಳ ಹಾದಿಯಲ್ಲಿ. 2.4 ಗಿಗಾಹರ್ಟ್ಸಿನಲ್ಲಿ ಒಂದರ ಮೇಲೊಂದು ಬೀಳದ ಚಾನೆಲುಗಳು 1, 6, 11 ಎಂಬ ಮೂರೇ. ಅಪಾರ್ಟ್‌ಮೆಂಟಿನವರೆಲ್ಲ ಅವುಗಳಲ್ಲೇ ನುಗ್ಗುತ್ತಾರೆ. 5 ಗಿಗಾಹರ್ಟ್ಸಿಗೆ ಬದಲಿಸಿ. ಆದರೆ ಅದು ದಪ್ಪ ಗೋಡೆಗಳನ್ನು ಸುಲಭವಾಗಿ ದಾಟದು, ಪೆಟ್ಟಿಗೆ ಮನೆಯ ನಡುವೆ ಇರಲಿ.

ರೌಟರಿನ ಉತ್ತರ ಸರಿಯಿದ್ದು, ಯಾರಾದರೂ ದೊಡ್ಡ ಫೈಲು ಕಳುಹಿಸುವಾಗ ಮಾತ್ರ ಹೊರಗಿನ ಅಂಕಿ ಏರಿದರೆ, ಸಾಲು ಉದ್ದವಾಗಿದೆಯೆಂದು ಅರ್ಥ. ಕೆಲವು ಹೊಸ ರೌಟರುಗಳಲ್ಲಿ ಸಾಲನ್ನು ಹದದಲ್ಲಿಡುವ ಏರ್ಪಾಡುಂಟು. ಮನೆಯವರೆಲ್ಲ ಸುಮ್ಮನಿದ್ದಾಗಲೂ ಹೊರಗಿನ ಅಂಕಿಯೊಂದೇ ಕೆಟ್ಟಿದ್ದರೆ, ಆ ಕಾಗದವನ್ನು ಕಂಪನಿಯವರ ಮುಂದಿಡಿ. "ನೆಟ್ಟು ಸರಿಯಿಲ್ಲ" ಎಂಬ ದೂರಿಗಿಂತ ಅಂಕಿಯುಳ್ಳ ದೂರಿಗೆ ತೂಕ ಹೆಚ್ಚು.

ಬಂಧುಗಳೆ, ಪ್ಲಾನು ಬದಲಿಸುವ ಮೊದಲು ಅರ್ಧ ಗಂಟೆ ಈ ಪರೀಕ್ಷೆ ಮಾಡಿರಿ. ಊರಿನ ಹಿರಿಯರು ಉತ್ತರಕ್ಕೆ ತಡಮಾಡಿದರೆ ಅವರ ವಯಸ್ಸನ್ನು ಶಂಕಿಸುವ ಮೊದಲು ನಮ್ಮ ಪೆಟ್ಟಿಗೆಯನ್ನು ಶಂಕಿಸೋಣ.