ನಿಂತ ಕೆಲಸದ ನಾಡಿ

ದೂರದ ಗಣಕಯಂತ್ರಕ್ಕೆ ಮನೆಯಿಂದಲೇ ಕೆಲಸ ಹೇಳುವುದು ಈಗ ಹೊಸ ಮಾತಲ್ಲ. ನಾವು ಬರೆದ ಆಜ್ಞೆ ಟರ್ಮಿನಲ್ ಎಂಬ ಕಿಟಕಿಯ ಮೂಲಕ ಅಲ್ಲಿಗೆ ಹೋಗುತ್ತದೆ. ಅಲ್ಲಿಯ ಉತ್ತರ ಇಲ್ಲಿ ಮೂಡುತ್ತದೆ. ನಡುವೆ ಸಂಪರ್ಕ ಕಡಿದರೆ ಅಲ್ಲಿ ನಡೆಯುತ್ತಿದ್ದ ಕೆಲಸದ ಗತಿಯೇನು? ಈ ಹೊತ್ತು ಅದನ್ನು ಕೊಂಚ ವಿಚಾರಿಸೋಣ.

ನನ್ನ ಸೋದರಳಿಯ ಮಳೆಯ ಲೆಕ್ಕಗಳನ್ನು ಅಭ್ಯಾಸ ಮಾಡುವವನು. ಒಂದು ರಾತ್ರಿ ಅವನ ಗಣಿತ ಒಂಬತ್ತು ಗಂಟೆ ನಡೆದಿದ್ದಾಗ ಗುಡುಗುಮಳೆಗೆ ಮನೆಯ ವಿದ್ಯುತ್ತು ಹೋಯಿತು. ಐದು ನಿಮಿಷಕ್ಕೆ ದೀಪ ಬಂತು. ಹೊಸದಾಗಿ ಒಳಹೊಕ್ಕು ನೋಡಿದರೆ, ಕೆಲಸದ ಹೆಸರು ಪಟ್ಟಿಯಲ್ಲಿದೆ; ಆದರೆ ಅದು ಬಳಸಿದ ಕಾಲದ ಅಂಕಿ ಒಂದು ಕ್ಷಣವೂ ಏರುತ್ತಿಲ್ಲ. ಬೆಳಗಾದರೆ ಪ್ರಬಂಧ ಒಪ್ಪಿಸಬೇಕು. “ಕೊಂದು ಮೊದಲಿಂದ ಶುರುಮಾಡಿಬಿಡಲೇ, ಮಾವ?” ಎಂದು ಫೋನಿನಲ್ಲಿ ಕೇಳಿದ. “ತಡಿಯಪ್ಪ, ಮೊದಲು ನಾಡಿ ನೋಡೋಣ” ಎಂದೆ.

ಲಿನಕ್ಸ್ ಯಂತ್ರದಲ್ಲಿ ಪಿಎಸ್ ಎಂಬ ಆಜ್ಞೆ ಪ್ರತಿ ಕೆಲಸದ ಸ್ಥಿತಿಯನ್ನೂ ಒಂದು ಅಕ್ಷರದಲ್ಲಿ ತಿಳಿಸುತ್ತದೆ. ‘ಆರ್’ ಎಂದರೆ ದುಡಿಯುತ್ತಿದೆ, ಇಲ್ಲವೆ ದುಡಿಯಲು ಸಿದ್ಧವಾಗಿದೆ. ‘ಟಿ’ ಎಂದರೆ ಯಾರೋ ತಡೆದು ನಿಲ್ಲಿಸಿದ್ದಾರೆ. ಮುಂದುವರಿ ಎಂಬ ಸಂಕೇತ ಕೊಟ್ಟರೆ ನಡೆದೀತು. ‘ಡಿ’ ಎಂದರೆ ಬಹುಮಟ್ಟಿಗೆ ಡಿಸ್ಕಿನ ದಾರಿ ಕಾಯುತ್ತಿದೆ. ಆಗ ಕೊಲ್ಲುವ ಆಜ್ಞೆಗೂ ಸಾಮಾನ್ಯವಾಗಿ ಓಗೊಡದು. ‘ಎಸ್’ ಎಂದರೆ ಯಾವುದಕ್ಕೋ ಕಾದು ಮಲಗಿದೆ. ನಮಗೆ ಕಂಡದ್ದು ‘ಎಸ್’.

ಯಾವುದಕ್ಕೆ ಕಾದಿದೆ? ಸ್ಟ್ರೇಸ್ ಎಂಬ ಉಪಕರಣವನ್ನು ಆ ಕೆಲಸಕ್ಕೆ ಹಚ್ಚಿದೆವು. ‘ಬರೆ’ ಎಂಬ ಕರೆ, ಒಂದನೆಯ ದ್ವಾರಕ್ಕೆ, ಅಲ್ಲಿಗೇ ನಿಂತಿದೆ. ಒಂದನೆಯ ದ್ವಾರವೆಂದರೆ ಟರ್ಮಿನಲ್ಲಿಗೆ ಮಾತು ಹೋಗುವ ಬಾಗಿಲು. ಹುಡುಗ ಪ್ರತಿ ಹೆಜ್ಜೆಗೂ ಒಂದು ಸಾಲು ಅಲ್ಲಿ ಮೂಡುವಂತೆ ಬರೆದಿದ್ದ. ಆ ಕಡೆಯ ಯಂತ್ರಕ್ಕೆ ಇಲ್ಲಿಯ ಸಂಪರ್ಕ ಹೋದದ್ದೇ ತಿಳಿಯದು. ಸಾಲುಗಳು ಸಂದುಹೋಗದೆ ತುಂಬಿದವು. ತೂಬು ಮುಚ್ಚಿದ ಕಾಲುವೆಯಂತೆ ಹಿಂದಿನದೆಲ್ಲ ನಿಂತಿತು. ಗಣಿತದಲ್ಲಿ ದೋಷವಿರಲಿಲ್ಲ.

ಆದರೆ ನಿಧಾನಕ್ಕೆ ವೇಳೆಯಿರಲಿಲ್ಲ. ಕಳಿಸಿದ್ದಕ್ಕೆ ಮಾರುತ್ತರ ಬಾರದಿದ್ದರೆ ಲಿನಕ್ಸ್ ಸಾಮಾನ್ಯವಾಗಿ ಸುಮಾರು 15 ನಿಮಿಷ ಮತ್ತೆ ಮತ್ತೆ ಯತ್ನಿಸಿ ಕೈಬಿಡುತ್ತದೆ. ಆಮೇಲೆ ಹಳೆಯ ಟರ್ಮಿನಲ್ ಮುಚ್ಚಿ, ಕೆಲಸಕ್ಕೆ ‘ಹ್ಯಾಂಗಪ್’ ಸಂಕೇತ ಹೋಗುತ್ತದೆ. ಟೆಲಿಫೋನಿನ ಮೂಲಕ ಗಣಕಕ್ಕೆ ಸಂಪರ್ಕವಿದ್ದ ದಿನಗಳಲ್ಲಿ ಫೋನು ಕೆಳಗಿಟ್ಟರೆಂದು ತಿಳಿಸಲು ಹುಟ್ಟಿದ ಹೆಸರು ಅದು. ಬೇರೆ ಏರ್ಪಾಡಿಲ್ಲದ ಕೆಲಸ ಅದನ್ನು ಕೇಳಿ ಸಾಯುತ್ತದೆ.

ಅಷ್ಟರೊಳಗೆ, ನಡೆಯುವ ಕೆಲಸವನ್ನು ಹೊಸ ಟರ್ಮಿನಲ್ಲಿಗೆ ವರ್ಗಾಯಿಸುವ ರೆಪ್‌ಟಿವೈಆರ್ ಎಂಬ ಉಪಕರಣವನ್ನು ಪ್ರಯೋಗಿಸಿದೆವು. ಎಲ್ಲ ಯಂತ್ರಗಳೂ ಅದಕ್ಕೆ ಅಪ್ಪಣೆ ಕೊಡುವುದಿಲ್ಲ. ನಮ್ಮ ಪುಣ್ಯ, ಅಲ್ಲಿ ಕೊಟ್ಟಿತು. ಸಾಲುಗಳು ಸಳಸಳನೆ ಹರಿದುಬಂದವು. ಒಂಬತ್ತು ಗಂಟೆ ಉಳಿಯಿತು.

ಪ್ರತಿಸಲವೂ ಇಂಥ ಪುಣ್ಯ ಕೈಗೂಡುವುದಿಲ್ಲ. ಆದ್ದರಿಂದ ದೀರ್ಘ ಕೆಲಸವನ್ನು 1987ರಿಂದ ಬಳಕೆಗೆ ಬಂದ ಸ್ಕ್ರೀನಿನಲ್ಲೋ 2007ರ ಟೀಮಕ್ಸಿನಲ್ಲೋ ಇಟ್ಟು ನಡೆಸುವುದು ಲೇಸು. ನಮ್ಮ ಕಿಟಕಿ ಮುಚ್ಚಿದರೂ ಅಲ್ಲಿ ಒಳಗಿನ ಟರ್ಮಿನಲ್ ತೆರೆದೇ ಇರುತ್ತದೆ. ನೋಹಪ್ ಎಂಬ ಆಜ್ಞೆಯಿಂದ ಕೆಲಸವನ್ನು ಹಿನ್ನೆಲೆಯಲ್ಲಿ ಹೊರಡಿಸಿ, ಉತ್ತರವನ್ನು ಕಡತಕ್ಕೆ ಬರೆಸುವುದೂ ಒಂದು ದಾರಿ. ಇದಾವುದನ್ನೂ ಮಾಡದೆ ಸಿಕ್ಕಿಬಿದ್ದರೆ, ನಿಂತದ್ದೆಲ್ಲ ಸತ್ತದ್ದಲ್ಲವೆಂಬುದನ್ನು ನೆನೆಯಿರಿ. ಕೊಲ್ಲುವ ಆಜ್ಞೆ ಒಂದೇ ಸಾಲು. ಕೊಂದ ಮೇಲೆ ಕಾರಣ ಹೇಳಲು ಆ ಕೆಲಸವೇ ಉಳಿದಿರುವುದಿಲ್ಲ.